ಎರಡನೇ ಸುರುಳಿ ಎಡಕ್ಕೆ

ಪ್ಲಾಸ್ಟಿಕ್ ಚಾಪೆಯಲ್ಲಿ ಸುತ್ತಿ ತಂದಿದ್ದ,
ಕೂಸು ತಂದಂತೆ ಅಲ್ಲ, ಪೈಪು ತಂದಂತೆ.
ಬಿಚ್ಚಿದರೆ ಕರಿ ಬಾಸ್ ಗಿಟಾರು. ಅದರ ಸ್ಕ್ರೂಗಳು
ಬೇರೆ, ಅಡಿಕೆಪುಡಿ ಡಬ್ಬಿಯಲ್ಲಿ.
"ಅಕ್ಕಾ, ದಪ್ಪ ತಂತಿ ಎರಡೂ ಮೂಕಾಗ್ಯಾವು.
ಸಣ್ಣವು ಎರಡೂ ಮಾತಾಡ್ತಾವು.
ಹೊಸ ಪಿಕಪ್ಪಿಗೆ ಒಂಬತ್ತು ಸಾವಿರ ಅಂತಾರ.
ಶನಿವಾರ ಹರಿಹರದಾಗ ರಸಮಂಜರಿ ಐತಿ."

ನಾನು ಬೋರಿನ ಮೋಟರು ಸುತ್ತುವವಳು,
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿ.
ರಸಮಂಜರಿ ಕೇಳಿದರೆ ತಬಲಾ ಗೊತ್ತಾಗುತ್ತದೆ,
ಹಾಡುವವಳ ಸೀರೆ ಗೊತ್ತಾಗುತ್ತದೆ.
ಇದು ಎಲ್ಲಿರುತ್ತದೋ ಮಾರಾಯ, ಎಂದೆ.
ಸ್ಯಾಮ್ಯುಯೆಲ್ ಹಾಲಪ್ಪ ನಕ್ಕ.
"ನಿಮ್ಮ ಮೋಟರು ಎಲ್ಲಿರತೈತಿ?"

ಹೊಸಪೇಟೆಯ ಚರ್ಚೊಂದರಲ್ಲಿ ಕೊಂಡದ್ದಂತೆ.
ಮೂರಿದ್ದವು, ಎರಡು ಹೊಳೆಯುತ್ತಿದ್ದವು.
ಪ್ಲಗ್ ಹಾಕಲಿಲ್ಲ. ಕಟ್ಟಿಗೆಯ ಕೊಂಬಿಗೆ ಹಲ್ಲು ಒತ್ತಿ
ಒಂದೊಂದೇ ಮೀಟಿದ. ಪಾದ್ರಿ ಕಿಟಕಿ ಕಡೆ ತಿರುಗಿದರು.
ಹೊಳೆಯುವವು ಹಲ್ಲಿಗೇ ನಿಂತವು.
ಇದು ಕಿವಿಯ ಹಿಂದಿನ ಎಲುಬು ದಾಟಿ
ಕೊರಳಿಗೆ ಇಳಿಯಿತು.

ಕತ್ತು ಬಿಸಿಲಿಗೆ ಬಾಗಿತ್ತು.
ಒಳಗಿನ ಕಬ್ಬಿಣದ ಸರಳಿಗೆ ಕಾಲು ಸುತ್ತು ಕೊಟ್ಟೆ.
ರಾತ್ರಿ ಬಿಟ್ಟೆ. ಬೆಳಗ್ಗೆ ಇನ್ನೊಂದು ಕಾಲು.
ತಂತಿ ಕೂರುವ ತುದಿಪಟ್ಟಿ ಸೀಳಿತ್ತು;
ಅಮ್ಮನ ಲಾಳಿ ನೆನಪಾಯಿತು.
ಕಾಟನ್ ಮಿಲ್ಲು ಮುಚ್ಚಿದ ದಿನ ಸೆರಗಿನಲ್ಲಿ ಕದ್ದು ತಂದದ್ದು,
ನಲವತ್ತು ವರ್ಷ ಬಾಗಿಲು ಬಡಿಯದಂತೆ ತಡೆದದ್ದು.
ಅದರ ಮೂಗು ಕೊಯ್ದು, ಅರದಲ್ಲಿ ಉಜ್ಜಿ ಉಜ್ಜಿ ಕೂರಿಸಿದೆ.
ಈಗ ಗಾಳಿಗೆ ಬಾಗಿಲು ಬಡಿಯುತ್ತದೆ.

ಪಿಕಪ್ಪಿನ ಹೊಟ್ಟೆಯಲ್ಲಿ ಹಾಲಪ್ಪನ ಹದಿನಾಲ್ಕು ವರ್ಷದ ಬೆವರು.
ತಾಮ್ರ ಹಸಿರಾಗಿ ಒಳಗೇ ಶಾರ್ಟು.
ನನ್ನ ಹತ್ತಿರ ಇರುವುದೆಲ್ಲ ಬೋರಿನ ದಪ್ಪ ವೈರು.
ಇದಕ್ಕೆ ಬೇಕಾದದ್ದು ಕೂದಲಿಗಿಂತ ತೆಳು:
ದುರ್ಗದ ಮೀಟರ್ ರಿಪೇರಿಯವ ಅರ್ಧ ರೀಲು ಕೊಟ್ಟ,
ಕೊಡುವಾಗ ಕಾರಣ ಕೇಳಿ ತಲೆ ಕೆರೆದುಕೊಂಡ.

ಹೊಲಿಗೆ ಯಂತ್ರದ ಚಕ್ರಕ್ಕೆ ಬಾಬಿನ್ನು ಬಿಗಿದೆ.
ಕ್ಯಾಲ್ಕುಲೇಟರಿಗೆ ವೈರು ಕೊಟ್ಟು ಎಣಿಕೆ.
ಏಪ್ರಿಲ್ಲು. ಫ್ಯಾನು ಬಂದ್, ಉಸಿರೂ ಅರೆ ಬಂದ್.
ನಾಲ್ಕು ಸಾವಿರದ ಎಂಟುನೂರಕ್ಕೆ ಕಡಿಯಿತು.
ಬೈದೆ. ಯಾರನ್ನೆಂದು ಕೇಳಬೇಡಿ.
ಮತ್ತೆ ಒಂದರಿಂದ.
ಇರಲಿ ಎಂದು ಜೊತೆಯ ಸುರುಳಿಯನ್ನೂ ಸುತ್ತಿದೆ,
ಎರಡೂ ಬಲಕ್ಕೆ, ಕೈ ಹೋದ ಕಡೆಗೆ.

ಪ್ಲಗ್ ಹಾಕಿದರೆ
ಓಣಿಯ ಟ್ಯೂಬ್‌ಲೈಟೆಲ್ಲ ಇದರೊಳಗೇ ಬಂದು ಗುಂಯ್ಯೆಂದವು.
"ಅಯ್ಯೋ ಅಕ್ಕಾ, ಒಂದು ಎಡಕ್ಕೆ ಸುತ್ತಬೇಕಿತ್ತು.
ಇದರ ಗದ್ದಲ ಅದು ನುಂಗಬೇಕು."
ಈಗ ಹೇಳ್ತಿಯಾ?
ಶುಕ್ರವಾರ ಸಂಜೆ ಆರೂವರೆ. ಬ್ಲೇಡು ತೆಗೆದೆ,
ಏಳು ಸಾವಿರ ಸುತ್ತು ಬಿಚ್ಚಲು.

ಚಮನ್, ನನ್ನ ಹುಡುಗ, ಬಾಯಿ ತುಂಬ ಮಂಡಕ್ಕಿ:
"ಉಲ್ಟಾ ತಿರುಗೋ ಮೋಟರಿಗೆ ಸುರುಳಿ ಬಿಚ್ತೀವೇನಕ್ಕಾ?
ವೈರು ಅದಲಿ ಬದಲಿ ಮಾಡ್ತೀವಿ."

ಇಪ್ಪತ್ತೆರಡು ವರ್ಷದಿಂದ ದಿನಾ ಮಾಡಿದ ಕೆಲಸ.
ಬ್ಲೇಡು ಮೆಲ್ಲಗೆ ಕೆಳಗಿಟ್ಟೆ, ಯಾರೂ ನೋಡದ ಹಾಗೆ.
ಎಲ್ಲರೂ ನೋಡಿದರು.
ಎರಡು ತುದಿ, ಎರಡು ಹನಿ ಬೆಸುಗೆ.
ಗುಂಯ್ ಸತ್ತಿತು. ಭಟ್ಟಿಯಲ್ಲಿ ಮರಳು ಹುರಿಯುವ ಸದ್ದು
ಗೋಡೆಯಾಚೆಯಿಂದ ಕೇಳಿಸಿತು.

ಹಾಲಪ್ಪ ಎಲ್ಲಕ್ಕಿಂತ ದಪ್ಪನೆಯದನ್ನು ಒಮ್ಮೆ ಮೀಟಿದ.
ಶೆಲ್ಫಿನ ಮೇಲೆ ವಾಷರಿನ ತಟ್ಟೆ ನಡುಗಿತು.
ಮೂಲೆಯಲ್ಲಿ ಸುಟ್ಟು ಬಿದ್ದಿದ್ದ ಹತ್ತು ಎಚ್‌ಪಿಯ ಖಾಲಿ ಕೊಳವೆ,
ಯಾರೋ ಕರೆದರೇನೋ ಎಂಬಂತೆ,
ಊಂ ಎಂದಿತು.

ಬಿಲ್ ಪುಸ್ತಕ ತೆಗೆದೆ.
ನನ್ನ ಬಿಲ್ಲಿನಲ್ಲಿ ಎರಡು ಕಾಲಮ್ಮು: ಎಚ್‌ಪಿ ಎಷ್ಟು,
ಬೋರು ಎಷ್ಟು ಅಡಿ ಆಳ.
ಎಚ್‌ಪಿಗೆ ಗೀಟು ಎಳೆದೆ.
ಆಳದ ಎದುರು ಪೆನ್ನು ನಿಂತಿತು.
ಏನು ಬರೀಲೋ ಎಂದೆ.
ಹಾಲಪ್ಪನಿಗೆ ಕೇಳಿಸಲಿಲ್ಲ.
ಕೊಂಬಿಗೆ ಹಲ್ಲು ಒತ್ತಿ ಕೂತಿದ್ದ.