ಕೂರುವ ಅಭ್ಯಾಸ

ಇಪ್ಪತ್ತೆರಡು ವರ್ಷ ನಿಂತೇ ಇದ್ದೆ.
ಕುರ್ಚಿ ಇತ್ತು, ಇಲ್ಲವೆಂದಲ್ಲ,
ಅದರ ಬೆನ್ನಿಗೆ ಚೀಲ ನೇತುಹಾಕುತ್ತಿದ್ದೆ ಅಷ್ಟೆ.
ಈಗ ವಿನೋಬನಗರದ ಈ ಅಡುಗೆಮನೆಯಲ್ಲಿ
ರಾತ್ರಿ ಹತ್ತರ ಮೇಲೆ
ಸ್ಟೂಲಿನ ಮೇಲೆ ಕೂತು ನೋಡುತ್ತೇನೆ:
ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ,
ಬೆರಳು ಆಡಿಸಬಾರದು.
ಬೆರಳು ಆಡುತ್ತದೆ.
ಸೀಮೆಸುಣ್ಣವಿಲ್ಲದ ಬೆರಳಿಗೆ ಬೇರೆ ಕೆಲಸ ತಿಳಿಯದು.

ಶಾಲೆ ಏಪ್ರಿಲಿಗೆ ಮುಚ್ಚಿತು.
ಕಡೆಯ ವರ್ಷ ಮೂರು ತರಗತಿ ಸೇರಿ ಹತ್ತೊಂಬತ್ತು ಮಕ್ಕಳು.
ಪ್ರಯೋಗಾಲಯದ ಬೀಗದ ಕೈ ನನ್ನಲ್ಲೇ ಉಳಿದಿದೆ,
ಯಾರೂ ಕೇಳಲಿಲ್ಲ.

ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯಲ್ಲಿ ಹಾಲೇಶ
ನನ್ನ ರೆಸ್ಯೂಮೆ ಟೈಪು ಮಾಡಿದ.
ವಿಜ್ಞಾನದಲ್ಲಿ ಮೂವತ್ತೈದು, ಒಂದೂ ಹೆಚ್ಚಿಲ್ಲ.
"ಪಾಠ ಮಾಡಿದೆ ಅಂದ್ರೆ ನಡಿಯಲ್ಲ ಟೀಚರ್,
ಟೀಮ್ ಲೀಡ್ ಮಾಡಿದೆ ಅನ್ನಿ."
ಬಿಸಿಯೂಟದ ಅಕ್ಕಿ, ಬೇಳೆ ಲೆಕ್ಕ ಇಟ್ಟದ್ದು
ಅವನ ಪರದೆಯ ಮೇಲೆ ಇನ್ವೆಂಟರಿಯಾಯಿತು.
ಮಗಳ ಓದು ಬಿಡಿಸುತ್ತೇನೆಂದು ಬಂದ ಲಾರಿ ಡ್ರೈವರನ್ನು
ಗೇಟಿನಲ್ಲೇ ಅರ್ಧ ಗಂಟೆ ನಿಲ್ಲಿಸಿ ಮಾತಾಡಿಸಿದ್ದೆನಲ್ಲ,
ಅದಕ್ಕೂ ಒಂದು ಹೆಸರಿದೆಯಂತೆ,
ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್.
ಉಚ್ಚಾರ ಅವನೇ ಹೇಳಿಕೊಟ್ಟ.
ಎರಡು ಸಲ ತಪ್ಪಿದೆ. ಅವನು ನಗಲಿಲ್ಲ.
ಅವನು ತಪ್ಪಿದಾಗ ನಾನು ನಕ್ಕಿದ್ದೆನೇ?
ಆಗೆಲ್ಲ ನನಗೆ ನಗು ಬೇಗ ಬರುತ್ತಿತ್ತು.

ಕೆಲಸ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ,
ಹೊಸದಾಗಿ ಸೇರುವ ಹುಡುಗರಿಗೆ ಸುರಕ್ಷತೆ ಕಲಿಸುವುದು.
ಒದ್ದೆ ನೆಲಕ್ಕೆ ಕರಗಿದ ಕಬ್ಬಿಣ ಚೆಲ್ಲಿದರೆ ಏನಾಗುತ್ತದೆ?
ಇದು ಗೊತ್ತು.
ಹಬೆಯಾಗುವ ನೀರು ಸಾವಿರದ ಆರುನೂರು ಪಟ್ಟು ಜಾಗ ಕೇಳುತ್ತದೆ,
ಕೊಡದಿದ್ದರೆ ಸಿಡಿಯುತ್ತದೆ.
ಇಷ್ಟರ ಮಟ್ಟಿಗೆ ಅದು ನನ್ನದೇ ಊರು.

"ನಿಮ್ಮ ಬಗ್ಗೆ ಹೇಳಿ."
ಸ್ಟೂಲಿನಿಂದ ಎದ್ದುಬಿಡುತ್ತೇನೆ.
ಉತ್ತರ ಹೇಳುವವರು ಎದ್ದು ನಿಲ್ಲಬೇಕೆಂದು
ನಾನೇ ಅಲ್ಲವೇ ಕಲಿಸಿದ್ದು.
ಮತ್ತೆ ಕೂರುತ್ತೇನೆ.
ಇಷ್ಟು ವರ್ಷ ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ ಕೇಳಿದವಳು.

"ನಿಮ್ಮ ದೌರ್ಬಲ್ಯ ಯಾವುದು?"
ಇದಕ್ಕೆ ಹಾಲೇಶನ ಚೀಟಿ ಇದೆ: ಅತಿಯಾದ ಶಿಸ್ತು.
"ತಪ್ಪು ಒಪ್ಕೊಂಡ ಹಾಗೂ ಆಯ್ತು,
ಹೊಗಳ್ಕೊಂಡ ಹಾಗೂ ಆಯ್ತು."
ಬಾಯಿಪಾಠ ಮಾಡಿದೆ.
ಬಾಯಿಗೆ ಬರುವುದು ಮಾತ್ರ ಒಂದು ಹೆಸರು,
ಚೌಡೇಶ.
ಎಂಟನೇ ತರಗತಿ, ಕಿಟಕಿ ಬದಿ,
ಹರಿದ ಜೇಬಿಗೆ ಸೇಫ್ಟಿ ಪಿನ್ನು.
ತಲೆಯಲ್ಲೇನು ಮರಳು ತುಂಬಿದೆಯೇನೋ, ಅಂದೆ ಒಂದು ಶನಿವಾರ.
ನಲವತ್ತು ಮಕ್ಕಳು ನಕ್ಕರು.
ಸೋಮವಾರ ಬರಲಿಲ್ಲ. ಮಂಗಳವಾರವೂ.
ಅವನ ಹೆಸರಿನ ಮುಂದೆ ಗೈರು ಗೈರು ಎಂದು
ವರ್ಷದ ಕೊನೆಯ ತನಕ ಬರೆದೆ,
ದುಂಡು ಅಕ್ಷರದಲ್ಲಿ.
ಮನೆ ಎಲ್ಲೆಂದು ಕೇಳಲಿಲ್ಲ.
ಲಾರಿ ಡ್ರೈವರನ್ನು ತಡೆದವಳೂ ನಾನೇ, ಅದೇ ವರ್ಷ.

ಕಂಪನಿಯ ಪುಸ್ತಿಕೆ ಓದುತ್ತಿದ್ದೇನೆ.
ಎರಕವೆಲ್ಲ ಮರಳಿನಲ್ಲಂತೆ.
ಮರಳು, ಒಂದಿಷ್ಟು ಜೇಡಿ, ಚೂರು ತೇವ.
ಸಾವಿರದ ನಾನೂರು ಡಿಗ್ರಿ ಒಳಗೆ ಸುರಿದರೂ
ಹಬೆಗೆ ಸಂದಿಯಲ್ಲಿ ದಾರಿ ಬಿಟ್ಟು
ತಾನು ಕದಲದೆ ನಿಲ್ಲುತ್ತದೆ,
ಕಬ್ಬಿಣಕ್ಕೆ ತನ್ನ ಆಕಾರ ತಿಳಿಯುವ ತನಕ.
ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ.
ಪರೀಕ್ಷೆಗೆ ಬರುತ್ತದೆಂದಲ್ಲ.

ಸೀರೆ ಇಸ್ತ್ರಿಯಾಗಿದೆ. ಎಂಟೂ ಹತ್ತಕ್ಕೆ ಭದ್ರಾವತಿ ಬಸ್ಸು.
ಚೌಡೇಶನಿಗೆ ಈಗ ಇಪ್ಪತ್ತೊಂಬತ್ತು, ಲೆಕ್ಕ ಹಾಕಿದೆ.
ಮೇಜಿನಾಚೆ ಕೂತವರಲ್ಲಿ ಒಬ್ಬರಾದರೂ ಆ ವಯಸ್ಸಿನವರಿರುತ್ತಾರೆ.
ಕೇಳಲಿ.
ಕೂತೇ ಹೇಳುತ್ತೇನೆ.
ಗೊತ್ತಿಲ್ಲದಿದ್ದರೆ, ಅವನು ನೋಡುತ್ತಿದ್ದ ಹಾಗೆ
ಕಿಟಕಿಯ ಕಡೆ ನೋಡುತ್ತೇನೆ.
ಅಲ್ಲಿ ಹೊರಗೆ ಏನಿತ್ತೋ,
ನಾನು ಒಂದು ದಿನವೂ ತಿರುಗಿ ನೋಡಿರಲಿಲ್ಲ.