ಗುರುತು

ಒಂದು ಸಲ ಬರೆದಿಟ್ಟ ವಿಳಾಸದ ಪೆಟ್ಟಿಗೆ:
ಮನೆ ನಂಬರು, ಕ್ರಾಸು, ಮೇನು, ಬ್ಲಾಕು,
ಕಟ್ಟಕಡೆಗೆ ಒಂದು ಉದ್ದನೆ ಖಾನೆ, ‘ಗುರುತು’.
ಹನ್ನೊಂದು ಪುಟಗಳಲ್ಲಿ ಅದೇ ಪೆಟ್ಟಿಗೆ.
ಹೊಸ ಕನೆಕ್ಷನ್ನಿಗೂ ಅದೇ, ಬುಕಿಂಗಿಗೂ ಅದೇ,
ರೆಗ್ಯುಲೇಟರ್ ಸೋರುತ್ತಿದೆ ಎಂಬ ದೂರಿಗೂ ಅದೇ.
ಬರೆದವನು ಯಾರೋ ತಿಪ್ಪೇಶಿಯಂತೆ.
ಮೇಲ್ಗಡೆ ಒಂದು ಸಾಲು ಬಿಟ್ಟು ಹೋಗಿದ್ದಾನೆ:
‘ಇದನ್ನು ಮುಟ್ಟಬೇಡಿ, ನಡೀತಾ ಇದೆ.’

ರಾಜಾಜಿನಗರದಲ್ಲಿ, ಪೇಂಟಿನಂಗಡಿಯ ಮೇಲೆ
ನಮ್ಮ ಆಫೀಸು. ಟರ್ಪೆಂಟೈನ್ ವಾಸನೆಗೆ
ಮಧ್ಯಾಹ್ನ ಮೂರಕ್ಕೆ ತಲೆ ಹಿಡಿಯುತ್ತದೆ.
ಮುನಿನಂಜಪ್ಪ ಮೆಟ್ಟಿಲು ಹತ್ತಿ ಬಂದದ್ದು ಆ ಹೊತ್ತಿಗೇ,
ಹೆಗಲ ಮೇಲೆ ಸಿಲಿಂಡರು ಇಲ್ಲದಿದ್ದರೂ
ಒಂದು ಕಡೆಗೆ ವಾಲಿಕೊಂಡು.
ಚೀಟಿ ಚಾಚಿದರು. ಗುರುತು, ಎರಡು ಚುಕ್ಕಿ,
ಆಮೇಲೆ ಏನೂ ಇಲ್ಲ.
“ಹದಿನೇಳನೇ ಕ್ರಾಸು ಎಷ್ಟವೆ ಈ ಊರಲ್ಲಿ, ಗೊತ್ತೇನಮ್ಮ?
ಹದಿನೇಳಾದ್ಮೇಲೆ ಹದಿನೇಳು ಎ, ಬಿ, ಸಿ,
ಆಮೇಲೆ ಹದಿನೈದು. ಯಾರು ಲೆಕ್ಕ ಕಲಿಸಿದ್ದು ಇದಕ್ಕೆ?
ಜನ ಬರೀತಾರಂತೆ. ನಮಗೆ ಬರಲ್ಲ.”

ಪುಟದ ಹಿಂದೆ, ಸರ್ವರ್ ಕಡೆಯ ಕೋಡಿನಲ್ಲಿ ನಿಂತು
ಪೆಟ್ಟಿಗೆಯನ್ನು ಹೆಸರು ಹಿಡಿದು ಕೂಗಿದೆ.
ನಲ್.
ಖಾಲಿ ಅಂತ ಅಲ್ಲ,
ಅಂಥವರು ಇಲ್ಲಿ ಯಾರೂ ಇಲ್ಲ ಅನ್ನುವ ಮಾತು.
ವಠಾರದ ಗೇಟಿನಲ್ಲಿ ನಿಂತು “ಸರೋಜಾ” ಎಂದರೆ
ಯಾವ ಸರೋಜ ತಾನೇ ಓಗೊಡುತ್ತಾಳೆ?
ಒಳಗೆ ಹೋಗಬೇಕು, ನಲ್ಲಿ ದಾಟಿ, ಮೂರನೇ ಬಾಗಿಲು:
ಪಟ್ಟಿಯೊಳಗೆ ಸಾಲು, ಸಾಲಿನೊಳಗೆ ಪೆಟ್ಟಿಗೆ.
ಸಿಕ್ಕಿತು. ಸಿಕ್ಕಿದರೂ ತಾನು ಯಾರೆಂದು ಅದಕ್ಕೇ ಗೊತ್ತಿಲ್ಲ;
ಬರೀ ‘ಒಂದು ಕಂಟ್ರೋಲ್’ ಆಗಿ ಕೈಗೆ ಬಂತು.
“ನೀನು ವಿಳಾಸದ ಪೆಟ್ಟಿಗೆ ಕಣೇ” ಎಂದು
ನಾನೇ ಹೇಳಬೇಕಾಯಿತು.
ಆಗ ಮನೆ ನಂಬರು ಕೊಟ್ಟಿತು, ಕ್ರಾಸು ಕೊಟ್ಟಿತು.
ಗುರುತು ಕೇಳಿದರೆ ಕಂಪೈಲರು ಕೆಂಪು ಗೀಟು ಎಳೆಯಿತು.

ತಿಪ್ಪೇಶಿ ಅದೊಂದನ್ನು ಪ್ರೈವೇಟ್ ಮಾಡಿದ್ದ.
ನಾಲ್ಕಕ್ಕೆ ಬಾಗಿಲಿಟ್ಟು ಐದನೆಯದಕ್ಕೆ ಗೋಡೆ.
ಬೇಕಂತ ಇರಲಾರದು. ಊಟದ ಹೊತ್ತಾಗಿತ್ತೇನೋ,
ಫೋನ್ ಬಂತೇನೋ.
ಅಂದಿನಿಂದ ಜನ ಬರೆಯುತ್ತಲೇ ಇದ್ದರು,
ಪೆಟ್ಟಿಗೆ ಈಸಿಕೊಳ್ಳುತ್ತಲೇ ಇತ್ತು,
ಕೇಳಲು ಯಾರಿಗೂ ದಾರಿ ಇರಲಿಲ್ಲ.

ಒಂದು ಪದ ಅಳಿಸಿ ಒಂದು ಪದ ಬರೆದೆ.
ಮೊದಲು ತಪ್ಪು ಹೊತ್ತಿನಲ್ಲಿ ಕೇಳಿದೆ, ಪುಟ ಕಣ್ಣು ಬಿಡುವ ಮುನ್ನ,
ಕಾಫಿಗೆ ಮೊದಲು ನಮ್ಮ ಶಬೀನಾಳನ್ನು ಮಾತಾಡಿಸಿದ ಹಾಗೆ:
ಎರಡು ಕೊಟೇಶನ್ ಮಾರ್ಕಿನ ನಡುವೆ ಬರೀ ಗಾಳಿ.
ಲೋಡ್ ಆಗಲಿ ಎಂದು ಕಾದೆ.
ಆಮೇಲೆ ಬಂತು.

ಮಾರನೆ ದಿನ ಪ್ರಿಂಟರು ಚೀಟಿ ಉಗುಳುತ್ತಿತ್ತು:
ಮುಚ್ಚಿದ ಟಾಕೀಸಿನ ಹಿಂದಿನ ಗೇಟು.
ಕಡಿದ ಹೊಂಗೆಮರದ ಎದುರು, ಬುಡ ಹಾಗೇ ಇದೆ.
ಇಸ್ತ್ರಿ ಗಾಡಿಯವರನ್ನು ಕೇಳಿದರೆ ಹೇಳ್ತಾರೆ.
ಕೆಳಗಿನ ಮನೆಯವರನ್ನು ಕೇಳಬೇಡಿ, ಮಾತಿಲ್ಲ.
ಗಂಟೆ ಒತ್ತಬೇಡಿ, ಮಗು ಮಲಗಿರುತ್ತೆ.

ಆ ಕೊನೆಯ ಮನೆಯಲ್ಲಿ ಮುನಿನಂಜಪ್ಪ
ಗಂಟೆ ಬಿಟ್ಟು, ಎರಡು ಬೆರಳಲ್ಲಿ ಮೆಲ್ಲಗೆ ತಟ್ಟಿದರಂತೆ.
ಬಾಗಿಲು ತೆಗೆದದ್ದು ಯೂನಿಫಾರ್ಮಿನ ಹುಡುಗಿ, ಎರಡನೇ ಕ್ಲಾಸು.
“ಬೆಲ್ ಕೆಟ್ಟಿಲ್ಲ ಅಂಕಲ್.”
ಚೀಟಿ ತೋರಿಸಿದರಂತೆ. ಒಳಗಿಂದ ಬಂದ ತಾಯಿ ಓದಿ
ಚೌಕಟ್ಟು ಹಿಡಿದು ನಿಂತಳಂತೆ:
“ಇವಳು ಹುಟ್ಟಿದಾಗ ಬರೆದಿದ್ದು. ಫೋನು ಈಗಲೂ
ತಾನೇ ತುಂಬುತ್ತೆ, ನಾನು ಅಳಿಸಿಲ್ಲ.
ಆಗೆಲ್ಲ ಬೆಲ್ ಹೊಡೆದು ಎಬ್ಬಿಸ್ತಿದ್ರಿ ನೀವು.
ಎಷ್ಟು ಬೈದಿದೀನಿ ನಿಮ್ಮನ್ನ, ಒಳಗೊಳಗೇ.”

ಸಂಜೆ ಇದನ್ನು ಹೇಳಿ, ನನ್ನ ಪರದೆಯತ್ತ ಬಗ್ಗಿ
ಯಾವ ಪದ ತೋರಿಸಿ ಅಂದರು.
ತೋರಿಸಿದೆ. ಇಂಗ್ಲಿಷಿನ ಆರು ಅಕ್ಷರ.
ಗಾಜಿನ ಮೇಲೆ ಬೆರಳಿಟ್ಟು ಎಣಿಸಿದರು,
ಇಷ್ಟೇನಾ ಅಂದರು,
ಮೆಟ್ಟಿಲಿಳಿದು ಹೋದರು.
ಬೆರಳಿನ ಗ್ರೀಸು ಅಲ್ಲೇ ಇತ್ತು.

ತಿಪ್ಪೇಶಿಯ ಸಾಲು ಅಳಿಸಲು ಮನಸ್ಸು ಬರಲಿಲ್ಲ.
ಕೆಳಗೆ ತಾರೀಖು ಹಾಕಿ ಬರೆದೆ:
‘ಮುಟ್ಟಿದ್ದೇನೆ.’