ದೇಗಿನ ಸುದ್ದಿ

ಅಬ್ಬಾ ಉಳಿ ಹಿಡದು ಹೆಸರು ಕೊರೆದ ತಾಂಬ್ರದ ದೇಗು:
ಖಾಸಿಮಲಿ, ಶಹಾಬಜಾರ.
ಮೂವತ್ತು ಸೇರು ಅಕ್ಕಿ ನುಂಗತದ.
ಮದಿವಿಗಿ ಅಂತ ಬಾಡಿಗಿ ಹೋದದ್ದು
ಅಲ್ಲಿಂದ ಇನ್ನೊಂದು ಮದಿವಿಗಿ ತಾನೇ ನಡದುಬಿಡತದ,
ಮುಂದ ಯಾರದೋ ಅಕೀಕಾಕ್ಕ.
ಬಾಡಿಗಿ ಮಾತ್ರ ನನ್ನ ಕೈಗಿ ಬರಂಗಿಲ್ಲ.

ಹೈದ್ರಾಬಾದಿನ ಷಡ್ಡಕ ಒಂದು ಬಿಳಿ ಗುಂಡಿ ತಂದುಕೊಟ್ಟ:
'ಎಲ್ಲಿದ್ರೂ ಕೂಗತದ ಭಾಯಿ.'
ಒಳಗ ಇಟ್ರ ತಾಂಬ್ರ ಅದರ ದನಿ ನುಂಗತದಂತ
ಹಿಡಿಕಿ ಕೆಳಗ ಎಂ-ಸೀಲ್ ಮೆತ್ತಿ ಕೂಡಿಸಿದೆ.

ಕೂಗಿತು. ನನಗಲ್ಲ.
ಕನ್ನಡ, ದಖನಿ, ತುಸು ಮರಾಠಿ ಬಲ್ಲವ ನಾ,
ಸಂತ್ಯಾಗ ಮಾತಿಗಿ ಸೋತವನಲ್ಲ.
ಆದ್ರ ನನ್ನ ಫೋನಿಗಿ ಈ ಗುಂಡಿ ಭಾಷಾ ಬರಂಗಿಲ್ಲ.
ಕಚ್ಚಿದ ಸೇಬು ಇದ್ದವರ ಕೂಡಷ್ಟೇ ಅದರ ಮಾತು.

ಬಾಜು ಅಂಗಡಿ ಝೆರಾಕ್ಸಿನ ಜಗದೇವಿ ಬಲ್ಲಿ ಅದ ಆ ಫೋನು,
ಇನ್ನ ಏಳು ಕಂತು ಬಾಕಿ.
ಆಕಿ ಹೆಸರಿಗೇ ಬರಸಿದ್ವಿ.
ಈಗ ಅಬ್ಬಾನ ದೇಗು ಎಲ್ಲದ ಅಂತ
ದಿನಾ ಮುಂಜಾನಿ ಆಕಿಗಿ ಕೇಳಬೇಕು.
ಯಾರದೋ ಆಧಾರ್ ಕಾರ್ಡಿನ ಎರಡೂ ಮಗ್ಗಲು ತೆಗೀತ ಹೇಳತಾಳ:
'ರಿಂಗ್ ರೋಡ್ ದಾಟ್ಯದ್ರಿ.'
'ಇವತ್ತ ಏನೂ ಹೇಳವಲ್ದು.'
ಚಹಾ ನನ್ನ ಲೆಕ್ಕಕ್ಕ.

ಶುಕ್ರಾರ ಪಟ್ಟಣದ ಕಡಿ ಹೋದದ್ದು
ನಾಕು ದಿನ ಸುಮ್ಮಿತ್ತು.
ತೊಗರಿ ಹೊಲದ ನಡುವ ಅಂಥ ಫೋನು ಯಾರ ಬಲ್ಲಿ ಇರಬೇಕು?
ಮಂಗಳಾರ, ಹತ್ತು ಹದಿನಾಲ್ಕಕ್ಕ, ಒಂದು ಚುಕ್ಕಿ.
ಕಡಗಂಚಿ ಯುನಿವರ್ಸಿಟಿ ಬಸ್ಸು ಆ ದಾರಿಲೇ ಹೋಗತದ.
ಕಿಡಕಿಗಿ ತಲಿ ಆನಿಸಿ ತೂಕಡಿಸೋ ಯಾವುದೋ ಪೋರ
ಕಿಸೆದಾಗಿಂದಲೇ ನನ್ನ ದೇಗಿನ ಸುದ್ದಿ
ಮ್ಯಾಲಕ್ಕ ಮುಟ್ಟಿಸಿ, ತನಗೇ ಗೊತ್ತಿಲ್ಲದಂಗ
ಮುಂದ ಹೋಗ್ಯದ.
ಸಲಾಮ ಹೇಳಬೇಕಂದ್ರ ಯಾರಿಗಿ?

ಹೋಗಿ ನೋಡಿದ್ರ ರಾಶಿ ಮಷಿನ್ನಿನ ಹಿಂದ ಕುಂತದ,
ಹೊಟ್ಟಿ ತುಂಬ ಎಮ್ಮಿ ಕಲಗಚ್ಚು.
'ಚಿರ್ ಚಿರ್ ಅಂತಿತ್ತರೀ,
ಮಿಡಚಿ ಹೊಕ್ಕದ ಅಂತ ಎರಡು ಸಲ ಬೋರಲ ಹಾಕಿ ಬಡದೆ'
ಅಂದಳು ಆ ಮನಿ ಆಯಿ.
ಹುಣಸಿಹಣ್ಣು ಹಚ್ಚಿ ತಿಕ್ಕಿ ಕೊಟ್ಟಳು.
ನಾಕು ದಿನದ ಬಾಡಿಗಿ ಕೇಳಬೇಕಂತಲೇ ಹೋಗಿದ್ದೆ,
ಬಾಯಿಗಿ ಬರಲಿಲ್ಲ.

ಟಂಟಂದಾಗ ಹಾಕ್ಕೊಂಡು ಬರತಿದ್ದೆ.
ಆಳಂದ ನಾಕಾ ಹತ್ರ ನನ್ನ ಫೋನು ನಡಗಿತು:
'ಅಪರಿಚಿತ ಟ್ರ್ಯಾಕರ್ ಒಂದು ನಿಮ್ಮ ಜೊತೆ ಚಲಿಸುತ್ತಿದೆ.'
ಹಿಂದ ಹೊಳ್ಳಿ ನೋಡಿದೆ.
ಬಿಸಲಾಗ ಅಬ್ಬಾನ ಅಕ್ಷರ.
ಮೊದಲ ಸಲ ನನ್ನ ಫೋನಿನ ಕೂಡ ಮಾತಾಡಿತ್ತದು,
ಅಂಜಸಲಾಕೇ ಇರಲಿ.

ಕೆಳಗ ಇನ್ನೊಂದು ಸಾಲಿತ್ತು: ಸದ್ದು ಮಾಡಿಸಬೇಕೇ?
ಒತ್ತಿದೆ.
ಶಹಾಬಜಾರ ಬರೋತನಕ
ಒತ್ತತಾನೇ ಬಂದೆ.